ಟ್ರಾಕ್ಟರಿಗೆ ಮನೆ ನಂಬರು ಬರೆದ ನರ್ಸಮ್ಮ

ನಮ್ಮ ನರ್ಸಮ್ಮನ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ತಗ್ಗಾಗಿತ್ತು. ಲಸಿಕೆಯ ನೀಲಿ ಪೆಟ್ಟಿಗೆಯನ್ನು ವರ್ಷಗಟ್ಟಲೆ ಅದೇ ಭುಜಕ್ಕೆ ನೇತುಹಾಕಿಕೊಂಡು ಊರೂರು ನಡೆದದ್ದರ ಫಲ. ಪೆಟ್ಟಿಗೆ ಇಲ್ಲದ ದಿನವೂ, ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಾಗಲೂ, ಅವರು ಆ ಕಡೆಗೇ ವಾಲಿಕೊಂಡಿರುತ್ತಿದ್ದರು.

ಕುಂತೂರಿನ ಸುತ್ತಮುತ್ತಲಿನ ಅರ್ಧದಷ್ಟು ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲೇ. ಹೆಸರು ನೆನಪಿರುತ್ತಿರಲಿಲ್ಲ, ಹುಟ್ಟಿದ ಗಳಿಗೆ ಮಾತ್ರ ಮರೆಯುತ್ತಿರಲಿಲ್ಲ. "ಲೇ, ಕಬ್ಬಿನ ಗಾಡಿ ಮಗುಚಿದ ದಿನ ಹುಟ್ಟಿದವ್ನೇ, ಬಾ ಇಲ್ಲಿ" ಎಂದು ಬೀದಿಯ ತುದಿಯಿಂದ ಕೂಗಿದರೆ, ಮೀಸೆ ಬಂದ ಹುಡುಗನೊಬ್ಬ ಸೈಕಲ್ಲಿನಿಂದಿಳಿದು ತಲೆ ತಗ್ಗಿಸಿಕೊಂಡು ಬರುತ್ತಿದ್ದ.

ನಾನು ಅವರ ಹಿಂದೆ ಬಿದ್ದದ್ದು ಸೇವೆ ಮಾಡುವ ಹಂಬಲದಿಂದಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದೆ. ಸಾರಿಗೆ ಉಪ್ಪು ಸಾಲದು ಅನ್ನುವುದಕ್ಕೂ ಮೂರು ಕಾರಣ ಕೊಡುವವಳೆಂದು ಮನೆಯವರು ನನ್ನ ಎದುರು ಬಾಯಿ ಬಿಡುತ್ತಿರಲಿಲ್ಲ. ಆ ಸಲದ ವಿಷಯ, ಜಗತ್ತಿನ ಆರೋಗ್ಯದ ಇಂದಿನ ಸವಾಲುಗಳು. ಜಗತ್ತಿಗೆಲ್ಲ ಒಂದೇ ಎಂದು ನಡೆಸುವ ದೊಡ್ಡ ಲಸಿಕಾ ಕಾರ್ಯಕ್ರಮಗಳಿಂದ ಬಡವರಿಗೆ ಒಳಿತೇ ಎಂಬ ಪ್ರಶ್ನೆಗೆ ನಾನು ವಿರೋಧವಾಗಿ ಮಾತಾಡಬೇಕಿತ್ತು. ಯಾವ ಕಾಯಿಲೆಯನ್ನು ಓಡಿಸಬೇಕೆಂದು ದೂರದ ಯಾವುದೋ ನಗರದಲ್ಲಿ ಕೂತವರು ತೀರ್ಮಾನಿಸುತ್ತಾರೆ, ಕೆಟ್ಟ ನೀರು ಕುಡಿದು ಬೇದಿಯಾಗುವ ಊರಿಗೆ ಬಂದು ಪೋಲಿಯೋ ಹನಿ ಹಾಕಿ ಹೋಗುತ್ತಾರೆ. ಇದು ನನ್ನ ವಾದ. ಸಾಕ್ಷಿ ಬೇಕಿತ್ತು. ಪಲ್ಸ್ ಪೋಲಿಯೋ ದಿನಗಳಿಗೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟೆ.

ಮೊದಲ ದಿನವೇ ಇದನ್ನೆಲ್ಲ ನರ್ಸಮ್ಮನಿಗೆ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು. ನಡುವೆ ಪೆಟ್ಟಿಗೆಯ ಐಸ್ ಇನ್ನೂ ಗಟ್ಟಿಯಿದೆಯೇ ಎಂದು ತೆಗೆದು ಕೆನ್ನೆಗೆ ಒತ್ತಿ ನೋಡಿದರು.

"ಭಾಷಣ ಚೆಂದಾಗದ ಕಣವ್ವ. ಈಗ ಈ ಸೀಮೆಸುಣ್ಣ ತಕ್ಕೊ."

ಭಾನುವಾರ ಬೂತಿನಲ್ಲಿ ಹನಿ ಹಾಕುವುದು, ಆಮೇಲೆ ಮನೆಮನೆ ಸುತ್ತಿ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವುದು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಕಪ್ಪು ಮಸಿ. ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಮನೆ ನಂಬರು, ಪಕ್ಕದಲ್ಲಿ ಗುರುತು, ಮುಗಿದ ಮನೆಗೆ ಒಂದು ಬಗೆ, ಬಾಕಿ ಇರುವುದಕ್ಕೆ ಇನ್ನೊಂದು.

ಮಂಗಳವಾರ ಕಬ್ಬು ಕಡಿಯುವ ಗ್ಯಾಂಗಿನವರ ಬಿಡಾರಕ್ಕೆ ಹೋದೆವು. ತಮಿಳುನಾಡಿನ ಗಡಿಯ ಕಡೆಯಿಂದ ಬಂದವರು, ಕಬ್ಬಿನ ಸೋಗೆ ಹೊದಿಸಿದ ಗುಡಿಸಲುಗಳು. ನರ್ಸಮ್ಮ ಮೇಸ್ತ್ರಿಯ ಹತ್ತಿರ ಮಾತಾಡುತ್ತಿದ್ದಾಗ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಡಿಲ ಕೂಸನ್ನೂ ಬಿಡದೆ ಕಿರುಬೆರಳು ನೋಡಿದೆ. ಎಲ್ಲರದೂ ಕಪ್ಪು. ಐದೇ ನಿಮಿಷಕ್ಕೆ ಪಟ್ಟಿ ಮುಗಿಸಿ ಓಡಿ ಬಂದೆ.

"ಎಲ್ಲಾ ಆಗಿದೆ ನರ್ಸಮ್ಮ. ಒಂದೂ ಬಾಕಿ ಇಲ್ಲ."

ಅವರು ಹತ್ತಿರವಿದ್ದ ಹುಡುಗಿಯ ಕೈ ಹಿಡಿದು ಎರಡೂ ಅಂಗೈ ಬಿಡಿಸಿ ನನಗೆ ತೋರಿಸಿದರು.

"ಒಂದು ಬೆರಳು ನೋಡ್ದೆ, ಸರಿ. ಮಿಕ್ಕ ಒಂಬತ್ತು ನೋಡ್ದಾ? ಹತ್ತು ಬೆರಳಿಗೂ ಹನಿ ಹಾಕ್ಸವ್ರಾ ಇವ್ರವ್ವ?"

ಕಬ್ಬು ತಿಂದ ಕೈ, ರಸ ಅಂಟಿ, ಅದಕ್ಕೆ ಮಣ್ಣು ಮೆತ್ತಿ, ಹತ್ತೂ ಬೆರಳು ಒಂದೇ ಸಮ ಕರ್ರಗಿದ್ದವು. ಮೇಸ್ತ್ರಿ ಬೇರೆ ಕಡೆ ತಿರುಗಿ ನಕ್ಕ. ನರ್ಸಮ್ಮ ಒಂದು ಬಕೆಟ್ ನೀರು ತರಿಸಿ ನನ್ನ ಕೈಗೆ ಸೋಪು ಕೊಟ್ಟರು. ಚರ್ಚಾಸ್ಪರ್ಧೆಯ ಚಾಂಪಿಯನ್ ನಾನು, ಕುಕ್ಕರಗಾಲಲ್ಲಿ ಕೂತು ಹದಿನೆಂಟು ಮಕ್ಕಳ ಕೈ ತೊಳೆದೆ. ತೊಳೆದ ಮೇಲೆ ಮಸಿ ಉಳಿದದ್ದು ಹನ್ನೊಂದಕ್ಕೆ. ಉಳಿದ ಏಳರಲ್ಲಿ ಆರು ಬಾಯಿ ತೆರೆದವು. ಏಳನೆಯದು ಒಬ್ಬ ಮುದುಕಿಯ ಮಡಿಲಲ್ಲಿ ಬಾಡಿ ಮಲಗಿತ್ತು. ಮುದುಕಿ ಸೆರಗು ಮುಚ್ಚಿ ತಡೆದಳು.

"ಮೂರು ದಿನಾಯ್ತು ಪಾಪಾಗೆ ಬೇದಿ. ಅದಕ್ಕೆ ಯಾರು ಬಂದ್ರಿ? ಇವ್ಳ ಕಾಲು ನೆಟ್ಟಗದೆ, ಕಾಲಿಗೆ ಬರೋ ಕಾಯ್ಲೆಗೆ ಔಷಧಿ ತಂದಿದ್ದೀರ. ಇರೋ ಕಾಯ್ಲೆ ಬುಟ್ಟು ಇಲ್ದಿರೋದಕ್ಕೆ ಇಷ್ಟು ಜನವಾ?"

ನನ್ನ ವಾದ, ನನಗಿಂತ ಚಿಕ್ಕದಾಗಿ, ನನಗಿಂತ ಚೆನ್ನಾಗಿ. ಗೆದ್ದವಳಂತೆ ನರ್ಸಮ್ಮನ ಕಡೆ ನೋಡಿದೆ. "ಕೇಳಿದ್ರಾ?"

"ಕೇಳ್ದೆ. ಅಜ್ಜಿ ಸರಿಯಾಗೇ ಏಳ್ತಾವ್ಳೆ. ನೀನೂ ಸರಿಯಾಗೇ ಏಳ್ದೆ. ಈಗ ಒಲೆ ಮ್ಯಾಲೆ ನೀರಿಡು."

ಕಾಯಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪುಡಿ ಕಲಸಿ, ಕೂಸನ್ನು ಮಡಿಲಿಗೆ ಹಾಕಿಕೊಂಡು, ಚಮಚ ಚಮಚವಾಗಿ ಕುಡಿಸುತ್ತ ಕೂತರು. ಕೂಸು ಕಕ್ಕಿದರೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಚಮಚ. ನಮ್ಮ ಬಸ್ಸು ಹೋಯಿತು. ಮುಂದಿನದೂ ಹೋಯಿತು. ಕೊನೆಗೆ ಕೂಸು ಉಚ್ಚೆ ಹೊಯ್ದು ಅವರ ಸೀರೆ ನೆನೆಸಿದಾಗ ಬಹುಮಾನ ಬಂದಷ್ಟು ಖುಷಿಪಟ್ಟರು. "ನೋಡು, ಮೈಯಲ್ಲಿ ನೀರು ನಿಂತದ."

ಇಷ್ಟಾದರೂ ಮುದುಕಿ ಹನಿಗೆ ಒಪ್ಪಲಿಲ್ಲ. "ಬೇದಿ ನಿಲ್ಲಲಿ, ಆಮ್ಯಾಕೆ ನೋಡವ."

"ಬೇದಿ ಇದ್ರೂ ಹಾಕಬೌದು ಕಣಜ್ಜಿ. ಓಗ್ಲಿ, ನಿನ್ನ ಮಾತೇ ಇರ್ಲಿ. ನಾಳೆ ಬತ್ತೀನಿ."

ಮೇಸ್ತ್ರಿ ಬಾಯಿ ಹಾಕಿದ. "ನಾಳೆ ನಾವೆಲ್ಲಮ್ಮ ಇರ್ತೀವಿ? ಬೆಳಿಗ್ಗೇನೇ ಅಗರದ ಕಡೆ ಒಂಟೋಯ್ತೀವಿ. ಯಾರ ಗದ್ದೆ ಅಂತ ನಂಗೇ ಗೊತ್ತಿಲ್ಲ."

ಅಗರ ಯಳಂದೂರು ತಾಲ್ಲೂಕು. ನರ್ಸಮ್ಮನ ವ್ಯಾಪ್ತಿಗೆ ಸೇರಿದ್ದಲ್ಲ. ಬೇರೆ ಯಾರಾದರೂ ಆಗಿದ್ದರೆ ಪಟ್ಟಿಯಲ್ಲಿ ಒಂದು ಗೆರೆ ಎಳೆದು ಮನೆಗೆ ಹೋಗುತ್ತಿದ್ದರು. ಗುಡಿಸಲಿಗೆ ಬಾಗಿಲೂ ಇಲ್ಲ, ಗುರುತು ಹಾಕುವುದೆಲ್ಲಿಗೆ ಎಂದು ನಾನು ಕೇಳುತ್ತಿದ್ದಂತೆ ಅವರು ಸೀಮೆಸುಣ್ಣ ಕಿತ್ತುಕೊಂಡು ಗ್ಯಾಂಗಿನ ಟ್ರಾಕ್ಟರಿನ ಹತ್ತಿರ ನಡೆದರು. ಟ್ರೈಲರಿನ ಹಿಂಬದಿಯ ತಗಡಿಗೆ ದೊಡ್ಡದಾಗಿ ಮನೆ ನಂಬರು ಬರೆದು, ಪಕ್ಕದಲ್ಲಿ ಬಾಕಿ ಇದೆ ಎಂಬ ಗುರುತು ಹಾಕಿದರು.

"ಇವ್ರ ಮನೆ ಇದೇ ಅಲ್ವಾ? ಅಳಿಸ್ಬ್ಯಾಡ ಮೇಸ್ತ್ರಿ."

ಮರುದಿನ ನನಗೆ ಬರಲು ಹೇಳಿರಲಿಲ್ಲ. ಆದರೂ ಹೋದೆ. ಆ ಕೂಸು ಏನಾಯಿತೆಂದು ತಿಳಿಯದೆ ರಾತ್ರಿಯ ಊಟ ಸೇರಿರಲಿಲ್ಲ. ಅಗರದ ಸುತ್ತ ಮಧ್ಯಾಹ್ನದವರೆಗೂ ಎದುರಾದ ಟ್ರಾಕ್ಟರುಗಳ ಬೆನ್ನು ನೋಡುತ್ತ ಅಲೆದೆವು. ಡ್ರೈವರುಗಳು "ಏನ್ ಕಳ್ಕಂಡ್ರಿ ನರ್ಸಮ್ಮ?" ಎಂದರೆ, "ಒಂದು ಮನೆ ಕಣ್ರಪ್ಪ" ಅನ್ನುತ್ತಿದ್ದರು. ನಾಲೆಯ ಏರಿಯ ಕೆಳಗೆ ಸಿಕ್ಕಿತು, ಸೀಮೆಸುಣ್ಣ ಅರ್ಧ ಮಾಸಿದ್ದ ನಮ್ಮ ಮನೆ. ಅದರ ನೆರಳಿನಲ್ಲಿ ಕೂಸು ಎದ್ದು ಕೂತು ಚಮಚವನ್ನು ಡಬ್ಬಕ್ಕೆ ಬಡಿಯುತ್ತಿತ್ತು.

ಮುದುಕಿ ನಮ್ಮನ್ನು ಕಂಡು ಎದ್ದಳು. "ನಾಳೆ ಅಂದವ್ರು ಯಾರೂ ಬರ್ಲಿಲ್ಲ ತಾಯಿ ಇಲ್ಲೀಗಂಟ." ಕೂಸನ್ನು ಎತ್ತಿ ತಾನೇ ಅದರ ಗಲ್ಲ ಒತ್ತಿ ಬಾಯಿ ಬಿಡಿಸಿದಳು. ನರ್ಸಮ್ಮ ಸೀಸೆಯನ್ನು ನನ್ನ ಕೈಗಿಟ್ಟರು. ಎರಡು ಹನಿ. ಹಾಕಿ ಕಿರುಬೆರಳಿಗೆ ಮಸಿ ಹಚ್ಚಿದೆ. ಅಷ್ಟರಲ್ಲಿ ಮುದುಕಿ ಪಕ್ಕದ ಗದ್ದೆಯ ಇನ್ನೊಂದು ಗ್ಯಾಂಗಿಗೆ ಕೇಳುವಂತೆ ತಮಿಳಿನಲ್ಲಿ ಕೂಗು ಹಾಕಿದ್ದಳು. ಅಲ್ಲಿಂದಲೂ ಮಕ್ಕಳು ಓಡಿ ಬಂದವು, ಎಲ್ಲರದೂ ಹತ್ತೂ ಬೆರಳು ಕಪ್ಪು. ಯಾರೂ ಹೇಳುವ ಮೊದಲೇ ನಾನು ನಾಲೆಯಿಂದ ನೀರು ತಂದೆ.

ಸ್ಪರ್ಧೆಯಲ್ಲಿ ನನ್ನ ವಾದದ ಒಂದು ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ. ಇವತ್ತಿಗೂ ತೆಗೆದುಕೊಂಡಿಲ್ಲ. ಮುದುಕಿ ಕೇಳಿದ್ದನ್ನು ಹಾಗೇ ಕೇಳಿದೆ. ಆದರೆ ಆ ಪ್ರಶ್ನೆ ಕೇಳಿಸಿಕೊಂಡ ಒಬ್ಬರು ಏನು ಮಾಡಿದರೆಂದೂ ಹೇಳಿದೆ. ಎರಡೂ ಕಡೆ ಮಾತಾಡಿದೆನೆಂದು ತೀರ್ಪುಗಾರರು ಅಂಕ ಕಳೆದರು. ಪ್ರಶ್ನೆ ಕೇಳಿದ ಮೇಲೆ ಅಲ್ಲೇ ಉಳಿಯಬೇಕು ಎಂಬುದನ್ನು ನನಗೆ ಕಲಿಸಿದ್ದು ಯಾವ ವೇದಿಕೆಯೂ ಅಲ್ಲ, ನರ್ಸಮ್ಮ.

ಎರಡನೇ ಬಹುಮಾನದ ಲೋಟ ಹಿಡಿದು ಹೋಗಿ ತೋರಿಸಿದೆ. ತಿರುಗಿಸಿ ನೋಡಿದರು.

"ಚೆಂದಾಗದ. ನಂಗೆ ಕೌದಳ್ಳಿಗೆ ವರ್ಗ ಆಯ್ತು ಕಣವ್ವ. ಅಲ್ಲಿ ಮೂರು ಅಜ್ಜೀರು ಅವ್ರಂತೆ, ಹನಿ ಹಾಕಕ್ಕೆ ಯಾರು ಬಂದ್ರೂ ಬೈದು ಓಡಿಸ್ತಾರಂತೆ. ಸೋಮವಾರ ಬತ್ತೀಯಾ?"

ಸೋಮವಾರ ಮೊದಲ ಬಸ್ಸಿಗೇ ಹೋದೆ.