ಅಳುವಿಗೊಂದು ಭಾಷೆ

ಮಂಗಳೂರಿಗೆ ಬಂದ ಮೊದಲ ವಾರದಲ್ಲೇ ನನ್ನ ಎದುರು ಕೂತ ಹೆಂಗಸೊಬ್ಬರು ಪಠ್ಯಪುಸ್ತಕದ ಕನ್ನಡದಲ್ಲಿ ಅತ್ತರು. "ನನಗೆ ತುಂಬಾ ಬೇಸರ ಆಗುತ್ತದೆ ಮೇಡಂ. ಯಾಕೆ ಅಂತ ಗೊತ್ತಾಗುವುದಿಲ್ಲ," ಎಂದರು. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ವಾಕ್ಯ ಮಾತ್ರ ಎಲ್ಲೂ ಮುರಿಯಲಿಲ್ಲ. ನಾನು ಹುಟ್ಟಿ ಬೆಳೆದ ವಿಜಯಪುರದಲ್ಲಿ ಇಂಥ ಅಳುವನ್ನು ಕಂಡಿರಲಿಲ್ಲ. ಅಲ್ಲಿ ಅಳು ಬಂದರೆ ಮೊದಲು ಒಡೆಯುವುದು ಮಾತು. 'ಯವ್ವಾ' ಅನ್ನುವಲ್ಲಿಗೆ ಬಂದು ನಿಂತುಬಿಡುತ್ತದೆ, ಮುಂದಿನದನ್ನು ಸೆರಗು ಹೇಳುತ್ತದೆ. ಇವರು ಅಳುತ್ತಲೇ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಸಾಲಾಗಿ ಜೋಡಿಸಿದರು, ಮೂಗು ಒರೆಸಿಕೊಂಡು ಥ್ಯಾಂಕ್ಸ್ ಹೇಳಿ ಎದ್ದರು. ಮತ್ತೆ ಬರಲಿಲ್ಲ.

ನಾನು ಆಪ್ತಸಮಾಲೋಚಕಿ. ಮಾತ್ರೆ ಕೊಡುವವಳಲ್ಲ, ಕೇಳಿಸಿಕೊಳ್ಳುವವಳು. ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ನಲವತ್ತರ ಅಂಚಿನಲ್ಲಿ ಒಬ್ಬಳೇ ಗಂಟುಮೂಟೆ ಕಟ್ಟಿಕೊಂಡು ಬಂದೆ. ಕೆಲಸದ ಬಂಡವಾಳವೆಂದರೆ ನನ್ನ ಎರಡು ಕಿವಿಗಳು. ಕರ್ನಾಟಕದೊಳಗೇ ಹೋಗುತ್ತಿದ್ದೇನೆ, ಅವು ಅಲ್ಲಿಯೂ ನಡೆಯುತ್ತವೆ ಎಂದುಕೊಂಡಿದ್ದೆ. ಆ ಹೆಂಗಸು ಎದ್ದು ಹೋದ ದಿನವೇ ಆ ಧೈರ್ಯ ಅಲುಗಾಡಿತು.

ಮನೆ ಹುಡುಕುವುದೇ ಒಂದು ಅಧ್ಯಾಯವಾಯಿತು. ಒಂಟಿ ಹೆಂಗಸು ಎಂದೊಡನೆ ಕೆಲವರ ಧ್ವನಿ ಮೃದುವಾಯಿತು, ಆದರೆ ಬಾಗಿಲು ತೆರೆಯಲಿಲ್ಲ. ನಮ್ಮೂರಲ್ಲಾದರೆ ಮುಖದ ಮೇಲೆ 'ಕೊಡಂಗಿಲ್ರೀ' ಅಂದುಬಿಡುತ್ತಾರೆ. ಇಲ್ಲಿ 'ನೋಡುವ' ಎನ್ನುತ್ತಾರೆ. 'ನೋಡುವ' ಎಂದರೆ ಇಲ್ಲ ಎಂದರ್ಥ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಕೊನೆಗೆ ಕೊಟ್ಟಾರದಲ್ಲಿ ಹೆದ್ದಾರಿಯಿಂದ ಒಳಗೆ ಒಂದು ಮನೆಯ ಮಹಡಿ ಸಿಕ್ಕಿತು. ಕೆಳಗೆ ಇರುವವರು ಮೈಮೂನಕ್ಕ. ಕರಾವಳಿಯ ಬ್ಯಾರಿ ಮುಸ್ಲಿಂ ಕುಟುಂಬ, ಗಂಡನದು ಬಂದರಿನಲ್ಲಿ ಅಂಗಡಿ. ಅವರು ನನ್ನ ಕುಲಗೋತ್ರ ಕೇಳಲಿಲ್ಲ. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದಾಗ ಮಾತ್ರ, ಹಾಗಾದರೆ ಈ ಊರಿನಲ್ಲಿ ಎಂತ ತಿಂದು ಬದುಕುತ್ತೀರಿ ಎಂದು ನಿಜವಾಗಿಯೂ ಚಿಂತೆಪಟ್ಟರು. ಅಕ್ಕಿಹಿಟ್ಟಿನ ಉಂಡೆಗಳನ್ನು ಹಬೆಯಲ್ಲಿ ಬೇಯಿಸಿದ ಪುಂಡಿಯನ್ನು ಬೆಲ್ಲದ ಜೊತೆ ಕಳಿಸತೊಡಗಿದರು.

ಅವ್ವ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಇಲ್ಲಿಯ ಗಾಳಿಗೆ ಕೂಡಲೇ ಮೆತ್ತಗಾಯಿತು. ವಿಜಯಪುರದಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ನಿಲ್ಲುವ ರೊಟ್ಟಿ ಇಲ್ಲಿ ಬಟ್ಟೆಯಂತೆ ಮಡಚಿಕೊಂಡಿತು. ನಾನೂ ಹಾಗೇ ಆಗಿದ್ದೆ. ಅಲ್ಲಿಯ ಸೆಕೆ ಚರ್ಮವನ್ನು ಸುಡುತ್ತದೆ, ನೆರಳಿಗೆ ಹೋದರೆ ಬಿಡುತ್ತದೆ. ಇಲ್ಲಿಯದು ಅಂಟಿಕೊಂಡು ನೆರಳಿಗೂ ಜೊತೆಗೇ ಬರುತ್ತದೆ. ನಿದ್ದೆ ಇಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಭಾನುವಾರ ಬಂತೆಂದರೆ ಭಯ. ಮನೆಯಲ್ಲಿ ಕೂರಲಾರದೆ ಬಸ್ಸು ಹತ್ತಿ ಪಣಂಬೂರಿಗೆ ಹೋಗುತ್ತಿದ್ದೆ, ಮರಳಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ, ಮತ್ತೆ ಬಸ್ಸು ಹತ್ತುತ್ತಿದ್ದೆ. ಸಮುದ್ರ ಮನಸ್ಸಿಗೆ ಶಾಂತಿ ಕೊಡುತ್ತದೆ ಎನ್ನುತ್ತಾರೆ. ಬಯಲುಸೀಮೆಯವಳಿಗೆ ಅದು ಕೊಟ್ಟದ್ದು ಇನ್ನಷ್ಟು ಚಡಪಡಿಕೆಯನ್ನು. ಒಂದು ನಿಮಿಷವೂ ಸುಮ್ಮನಿರದ ಅದನ್ನು ನೋಡಿ ಯಾರಾದರೂ ಹೇಗೆ ಸುಮ್ಮನಾಗುತ್ತಾರೆ? ಸೋಮವಾರ ಬೆಳಿಗ್ಗೆ ಇದೇ ನಾನು ಬೇರೆಯವರಿಗೆ ನಿಧಾನವಾಗಿ ಉಸಿರಾಡಲು ಹೇಳಿಕೊಡುತ್ತಿದ್ದೆ.

ಆಸ್ಪತ್ರೆಯಲ್ಲಿ ನನ್ನಲ್ಲಿಗೆ ಬರುವವರು ಮನಸ್ಸು ಸರಿಯಿಲ್ಲ ಎಂದು ಬರುವುದಿಲ್ಲ. ಗ್ಯಾಸ್ ಎಂದು, ತಲೆಭಾರ ಎಂದು, ಕೈಕಾಲು ಜೋಮು ಎಂದು ಬರುತ್ತಾರೆ. ಎಲ್ಲ ಪರೀಕ್ಷೆಯೂ ಸರಿ ಬಂದ ಮೇಲೆ ಡಾಕ್ಟರು ನನ್ನ ಕೋಣೆ ತೋರಿಸುತ್ತಾರೆ. ಈ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿಲ್ಲ. ಹೇಳಲಾಗದ್ದು ಎಲ್ಲ ಊರಿನಲ್ಲೂ ಮೈಯೊಳಗೆ ಜಾಗ ಮಾಡಿಕೊಳ್ಳುತ್ತದೆ. ವ್ಯತ್ಯಾಸ ಇದ್ದದ್ದು ನನ್ನ ಕಿವಿಯಲ್ಲಿ. ಇಲ್ಲಿ ಕನ್ನಡ ಶಾಲೆಯದು, ಕಚೇರಿಯದು, ಅಪರಿಚಿತರ ಮುಂದೆ ಹಾಕಿಕೊಳ್ಳುವ ಇಸ್ತ್ರಿ ಮಾಡಿದ ಅಂಗಿ. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ. ನನ್ನ ಎದುರು ಎಲ್ಲರೂ ಆ ಅಂಗಿ ಹಾಕಿಕೊಂಡೇ ಕೂರುತ್ತಿದ್ದರು. ಎಂತ ಇಲ್ಲ ಮೇಡಂ, ಚೂರು ಟೆನ್ಷನ್ ಅಷ್ಟೆ, ಎನ್ನುತ್ತಿದ್ದರು.

ಒಂದು ಸಂಜೆ ಮೈಮೂನಕ್ಕನ ಮುಂದೆ ಇದನ್ನು ತೋಡಿಕೊಂಡೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಸಿಟ್ಟು ಬಂದರೆ ನಾನು ಕನ್ನಡದಲ್ಲಿ ಬೈತೇನಾ ಮೇಡಂ? ನೀವು ಮೊದಲು ತುಳು ಕಲೀರಿ. ಬ್ಯಾರಿ ಆಮೇಲೆ ನೋಡುವ," ಎಂದರು. ಈ 'ನೋಡುವ'ದ ಅರ್ಥ ಗೊತ್ತಿದ್ದರಿಂದ ಇಬ್ಬರೂ ನಕ್ಕೆವು.

ಅಂದಿನಿಂದ ಪಾಠ ಶುರುವಾಯಿತು. ಬಸ್ಸಿನ ಕಂಡಕ್ಟರ್ 'ದುಂಬು ಪೋಲೆ' ಎಂದರೆ ಮುಂದೆ ಹೋಗಿ ಎಂದರ್ಥ. 'ಪನ್ಲೆ' ಎಂದರೆ ಹೇಳಿ. 'ಮಂಡೆ ಬೆಚ್ಚ' ಎಂದರೆ ತಲೆ ಬಿಸಿ, ಜ್ವರದ್ದಲ್ಲ, ಚಿಂತೆಯದು. ಒಂದು ದಿನ ಕಂಡಕ್ಟರಿಗೆ ಎಲ್ಲಿ ಇಳಿಯಬೇಕೆಂದು ತುಳುವಿನಲ್ಲೇ ಹೇಳಿದೆ. ಅವನು ನಗದೆ ಟಿಕೆಟ್ ಹರಿದು ಕೊಟ್ಟ. ಆ ದಿನವೆಲ್ಲ ನನಗೆ ಹೆಮ್ಮೆ.

ಹೀಗಿರುವಾಗ ಬಂದವರು ಪ್ರಮೀಳಾ. ಹೆಸರು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಪಣಂಬೂರಿನಾಚೆಯ ಕಡಲ ತೀರದ ಮೊಗವೀರರ ಮನೆತನ, ವಯಸ್ಸು ಐವತ್ತರ ಹತ್ತಿರ. ಎದೆ ಢವಢವ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಹೃದಯದ ಡಾಕ್ಟರು ಎಲ್ಲ ನೋಡಿ ಏನೂ ತೊಂದರೆ ಇಲ್ಲ ಎಂದಿದ್ದರು. ಯಾವಾಗ ಶುರುವಾಯಿತು ಎಂದು ಕೇಳಿದೆ. ಗಂಡ ಊರಿಗೆ ಬಂದ ಮೇಲೆ ಎಂದರು. ಕೂಡಲೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ಅವರು ಒಳ್ಳೆಯವರು ಎಂದು ಸೇರಿಸಿದರು.

ಗಂಡ ಭಾಸ್ಕರ, ಇದೂ ಬದಲಿಸಿದ ಹೆಸರು, ಮದುವೆಯಾದ ಮರುವರ್ಷವೇ ಗಲ್ಫಿಗೆ ಹೋದವರು. ಅಲ್ಲಿಯ ಬಂದರಿನಲ್ಲಿ, ದೊಡ್ಡ ಹಡಗುಗಳನ್ನು ಎಳೆದು ದಡಕ್ಕೆ ತರುವ ಟಗ್ ಬೋಟಿನಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ರಜೆ. ಉಳಿದ ಸಂಸಾರವೆಲ್ಲ ಫೋನಿನಲ್ಲಿ. ಪ್ರಮೀಳಾ ಬೆಳಕು ಹರಿಯುವ ಮೊದಲೇ ಮೀನುಗಾರಿಕಾ ಬಂದರಿಗೆ, ಇವರು ಕರೆಯುವಂತೆ ದಕ್ಕೆಗೆ, ಹೋಗಿ ಏಲಂ ಕೂಗಿ, ಹರಾಜಿನಲ್ಲಿ ಮೀನು ಕೊಂಡು ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಮಗಳನ್ನು ಓದಿಸಿ ಮದುವೆ ಮಾಡಿದರು, ಮನೆಗೆ ಮಹಡಿ ಏರಿಸಿದರು. ಈಗ ಭಾಸ್ಕರ ಕೆಲಸ ಬಿಟ್ಟು ಬಂದಿದ್ದರು, ಪೂರ್ತಿಯಾಗಿ. ಇನ್ನು ನೀನು ಮೀನು ಮಾರುವುದು ಬೇಡ, ಕಷ್ಟಪಟ್ಟದ್ದು ಸಾಕು ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ನೆರೆಯವರೆಲ್ಲ, ಗಂಡ ಬಂದಾಯಿತಲ್ಲ, ಇನ್ನೆಂತ ಬೇಕು ನಿಮಗೆ ಎನ್ನುತ್ತಿದ್ದರು.

ಮೂರ್ನಾಲ್ಕು ಭೇಟಿಗಳು ಹೀಗೇ ಇಸ್ತ್ರಿ ಅಂಗಿಯಲ್ಲಿ ಕಳೆದವು. ಒಂದು ದಿನ ನಾನು, ತುಳುವಿನಲ್ಲೇ ಹೇಳಿ ಎಂದೆ. ನಿಮಗೆ ಅರ್ಥ ಆಗುವುದಿಲ್ಲವಲ್ಲ ಎಂದರು. ಆಗದಿದ್ದರೆ ಕೇಳುತ್ತೇನೆ, ಪನ್ಲೆ ಎಂದೆ. ನನ್ನ ಉಚ್ಚಾರಕ್ಕೆ ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತಲೇ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ನಗು ಹೋಯಿತು. ಧ್ವನಿ ಏರಿತು, ಕೈಗಳು ಗಾಳಿಯಲ್ಲಿ ಬೀಸಿದವು, ಮಾತು ಅಲ್ಲಲ್ಲಿ ಒಡೆಯಿತು. ದಕ್ಕೆಯಲ್ಲಿ ಏಲಂ ಕೂಗುವ ಹೆಂಗಸು ಮೊದಲ ಸಲ ನನ್ನ ಕೋಣೆಗೆ ಬಂದಿದ್ದರು. ನನಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಶಬ್ದ. ಮತ್ತೆ ಮತ್ತೆ ಬಂದದ್ದು 'ಎಂಕ್ ಬೊಡ್ಚಿ'. ನನಗೆ ಬೇಡ.

ಎಂತ ಬೇಡ ಎಂದು ಕೇಳಿದೆ.

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಕನ್ನಡದಲ್ಲಿ, ಬಹಳ ಮೆಲ್ಲಗೆ, "ಇವರು ಮನೆಯಲ್ಲಿ ಇರೂದು," ಎಂದರು. ಹೇಳಿದ ಮರುಕ್ಷಣ ಕೈ ಕರಿಮಣಿಗೆ ಹೋಯಿತು. "ಪಾಪ ಬರ್ತದಾ ಮೇಡಂ?"

ಪಾಪದ ಲೆಕ್ಕ ನನ್ನ ಕೆಲಸವಲ್ಲ ಎಂದೆ. ಮನಸ್ಸಿಗೆ ಬಂದದ್ದು ಮಾಡಿದ್ದಕ್ಕೆ ಸಮನಲ್ಲ. ಬೇಡ ಅನ್ನಿಸುವುದು ಮನುಷ್ಯನೇ ಇರಬಹುದು, ಅಥವಾ ಮನುಷ್ಯ ಬಂದದ್ದರಿಂದ ಕಳೆದುಹೋದದ್ದು ಬೇಕು ಅನ್ನಿಸುತ್ತಿರಬಹುದು. ಯಾವುದು ಎಂದು ನೋಡಬೇಕು. ಅವರು ಸೀರೆಯ ಅಂಚನ್ನು ಸುತ್ತುತ್ತಾ, ಬೆಳಿಗ್ಗೆ ಎಚ್ಚರ ಆಗ್ತದೆ, ದಕ್ಕೆಗೆ ಹೋಗಲಿಕ್ಕಿಲ್ಲ ಅಂತ ನೆನಪಾಗ್ತದೆ, ಆಗಲೇ ಎದೆ ಹೊಡೆದುಕೊಳ್ಳಲು ಶುರು ಎಂದರು. ಆ ಮಾತನ್ನು ಅವರಷ್ಟೇ ಆಶ್ಚರ್ಯದಿಂದ ನಾನೂ ಕೇಳಿಸಿಕೊಂಡೆ.

ಭಾಸ್ಕರರನ್ನು ಕರೆತರಲು ಅವರಿಗೆ ಧೈರ್ಯ ಬರಲು ಇನ್ನಷ್ಟು ದಿನ ಬೇಕಾಯಿತು. ಬಂದವರು ಕುರ್ಚಿಯ ಅಂಚಿನಲ್ಲಿ ಕೂತರು. ಇವಳಿಗೆ ಎಂತದಾದರೂ ಸೀರಿಯಸ್ ಉಂಟಾ ಎಂದು ಕೇಳಿದರು. ಅವರದೇ ನಿದ್ದೆ ಹೇಗಿದೆ ಎಂದು ಕೇಳಿದೆ. ಅದನ್ನು ಯಾರೂ ಕೇಳಿರಲಿಲ್ಲವೇನೋ. ನಿದ್ದೆ ಇಲ್ಲವೆಂದರು. ಮನೆಯಲ್ಲಿ ಯಾವ ಡಬ್ಬಿಯಲ್ಲಿ ಎಂತ ಉಂಟು ಗೊತ್ತಿಲ್ಲ, ಚಾ ಮಾಡಲು ಹೋದರೆ ಸಕ್ಕರೆ ಸಿಗುವುದಿಲ್ಲ, ಕೇಳಲು ನಾಚಿಕೆ, ಅದಕ್ಕೇ ಡಬ್ಬಿಗಳನ್ನೆಲ್ಲ ನನಗೆ ತಿಳಿಯುವ ಹಾಗೆ ಬೇರೆ ಕಡೆ ಇಟ್ಟೆ ಎಂದರು. ಅದಕ್ಕೆ ಇವಳಿಗೆ ಸಿಟ್ಟು. ನನ್ನನ್ನಲ್ಲ, ನೆಲವನ್ನು ನೋಡುತ್ತಾ ಹೇಳಿದರು: "ಅಲ್ಲಿ ಇರುವಾಗ ನನಗೊಂದು ಊರು ಉಂಟು ಅಂತ ಇತ್ತು. ಇಲ್ಲಿಗೇ ಬಂದಾಯ್ತು. ಇನ್ನು ಯಾವುದನ್ನು ಊರು ಅಂತ ಹೇಳೂದು?"

ನಾನು ಪೆನ್ನು ಕೆಳಗಿಟ್ಟೆ. ಕೆಲಸದ ವೇಳೆಯಲ್ಲಿ ನನ್ನ ಸಂಕಟಗಳನ್ನು ಹೊರಗಿಟ್ಟು ಬರಬೇಕೆಂದು ಕಲಿತವಳು ನಾನು. ಆ ದಿನ ಅವು ಬಾಗಿಲು ತಳ್ಳಿಕೊಂಡು ಒಳಗೆ ಬಂದವು.

ಪ್ರಮೀಳಾ ಗಂಡನ ಕಡೆ ತಿರುಗಿದರು. ಮೊದಲು ತುಳುವಿನಲ್ಲಿ ಹೇಳಿದರು. ಆಮೇಲೆ ನನಗಾಗಿ, ಅಥವಾ ಎರಡನೇ ಸಲ ಹೇಳಲು ಧೈರ್ಯ ಬಂದದ್ದಕ್ಕೋ, ಕನ್ನಡದಲ್ಲಿ ಹೇಳಿದರು. "ನೀವು ಫೋನಿನಲ್ಲಿ ಇದ್ದಾಗಲೇ ನನಗೆ ಹತ್ತಿರ ಇದ್ರಿ. ಆಗ ಮಾರುಕಟ್ಟೆಯದ್ದೆಲ್ಲ ಹೇಳ್ತಿದ್ದೆ. ಈಗ ಹೇಳಲಿಕ್ಕೆ ನನ್ನತ್ರ ಎಂತ ಉಂಟು?"

ಭಾಸ್ಕರ ಕೂಡಲೇ ಒಪ್ಪಲಿಲ್ಲ. ಎದ್ದು ಹೊರಗೆ ಹೋದರು, ವರಾಂಡದಲ್ಲಿ ನಿಂತರು. ಮುಂದಿನ ಸಲ ಬರುತ್ತಾರೋ ಇಲ್ಲವೋ ಎಂದು ವಾರವೆಲ್ಲ ನಾನು ಚಡಪಡಿಸಿದೆ. ಬಂದರು. ಹೆಂಡತಿ ಮತ್ತೆ ಮೀನು ಮಾರಿದರೆ ಗಲ್ಫಿನಿಂದ ಬಂದವನು ಹೆಂಡತಿಯನ್ನು ದುಡಿಸುತ್ತಾನೆ ಎಂದು ಜನ ಹೇಳುತ್ತಾರೆ ಎಂಬುದು ಅವರ ನೋವು. ಅದೂ ಸುಳ್ಳಲ್ಲ, ಜನ ಹೇಳಿಯೇ ಹೇಳಿದರು. ಆದರೂ ಪ್ರಮೀಳಾ ದಕ್ಕೆಗೆ ಹೋಗತೊಡಗಿದರು. ಭಾಸ್ಕರ ಇಲ್ಲಿಯದೇ ಬಂದರಿನಲ್ಲಿ ಪರಿಚಯದವರ ಮೂಲಕ ಟಗ್ಗಿನ ಕೆಲಸ ಹಿಡಿದರು, ಸಂಬಳ ಕಡಿಮೆ, ಪಾಳಿ ಕೆಲಸ. ಎದೆಬಡಿತ ಒಮ್ಮೆಲೇ ನಿಲ್ಲಲಿಲ್ಲ. ವಿರಳವಾಯಿತು, ಬಂದರೂ ಸಾಯುತ್ತೇನೆ ಎಂಬ ಭಯ ಹೋಯಿತು. ಕೊನೆಯ ಭೇಟಿಗೆ ಪ್ರಮೀಳಾ ಒಬ್ಬರೇ ಬಂದಿದ್ದರು. ಈಗ ಮನೆಯಲ್ಲಿ ಜಗಳ ಆಗ್ತದೆ ಮೇಡಂ, ಬಾಯಿಗೆ ಬಾಯಿ ಕೊಟ್ಟು, ಎಂದು ಹೊಸ ಸೀರೆಯ ಸುದ್ದಿ ಹೇಳುವವರಂತೆ ಹೇಳಿದರು. ಫೋನಿನಲ್ಲಿದ್ದ ಕಾಲದಲ್ಲಿ ಅವರು ಒಮ್ಮೆಯೂ ಜಗಳ ಆಡಿರಲಿಲ್ಲವಂತೆ.

ಆ ವರ್ಷ ರಜೆಗೆ ವಿಜಯಪುರಕ್ಕೆ ಹೋದೆ. ಅವ್ವ, ಅಣ್ಣನ ಸಂಸಾರ, ಬೀದಿಯ ತುಂಬ ಪರಿಚಿತರು. ಒಣ ಗಾಳಿಗೆ ಮೈ ಹಗುರಾಯಿತು. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಎಲ್ಲರೂ ಯಾಕಿಷ್ಟು ಜೋರಾಗಿ ಮಾತಾಡುತ್ತಾರೆ ಅನ್ನಿಸಿತು. ಅತ್ತಿಗೆ ಏನೋ ಕೇಳಿದ್ದಕ್ಕೆ ನಾನು ಆಮೇಲೆ ನೋಡುವ ಎಂದೆನಂತೆ. ಅಣ್ಣನ ಮಕ್ಕಳು ಅದನ್ನೇ ಹೇಳಿ ಹೇಳಿ ನಕ್ಕರು. ರಜೆ ಮುಗಿಯುವ ಮೊದಲೇ ವಾಪಸಿನ ಬಸ್ಸು ಹತ್ತಿದೆ. ಘಾಟಿ ಇಳಿದು ಸೆಕೆ ಅಂಟಿದಾಗ, ಯಾಕೆ ಬಂದೆನೋ ಎಂದೂ ಅನ್ನಿಸಿತು.

ಹಿಂತಿರುಗಿದ ವಾರ ಕೋಣೆಗೆ ಒಬ್ಬ ಗಂಡಸು ಬಂದ. ಬಂದರಿನಲ್ಲಿ ಗೊಬ್ಬರದ ಚೀಲ ಹೊರುವವನು. ಬಾಯಿ ತೆರೆದೊಡನೆ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಅವನದು ನಮ್ಮೂರ ಮಗ್ಗುಲಿನ ಮಾತು. 'ಎಲ್ಲಿಯವನಪ್ಪಾ ನೀನು' ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಬಾಗಿಲ ಕಡೆ ನೋಡಿ, "ನಮ್ಮ ಕಡೇವ್ರಿಗೆ ಗೊತ್ತಾಗಬಾರ್ದ್ರೀ ಮೇಡಮ್ಮಾರ. ಊರಾಗ ಸುದ್ದಿ ಹೋದ್ರ ಮುಗೀತು. ನೀವು ಇಲ್ಲೇವ್ರೇನ್ರೀ?" ಎಂದ.

ಅವನ ಕೈ ಕುರ್ಚಿಯ ಹಿಡಿಯ ಮೇಲಿತ್ತು, ಏಳಬೇಕೋ ಕೂರಬೇಕೋ ಎಂಬಂತೆ.

"ನಾನು ಇಲ್ಲೇ ಇರ್ತೇನೆ," ಎಂದೆ. ಸುಳ್ಳಲ್ಲ. ಮುಂದೊಂದು ದಿನ, ಅವನಿಗೆ ನನ್ನ ಮೇಲೆ ನಂಬಿಕೆ ಗಟ್ಟಿಯಾದ ಮೇಲೆ, ಉಳಿದದ್ದನ್ನೂ ಹೇಳಬೇಕು. ಅಂದು ಮಾತ್ರ ಅವನು ಕೈ ಸಡಿಲಿಸಿ ಕೂತ. ಮಂಗಳೂರಿಗೆ ಬಂದ ಮೇಲೆ ಮೊದಲ ಬಾರಿಗೆ, ಒಂದು ಶಬ್ದವನ್ನೂ ತಿರುಗಿ ಕೇಳುವ ಅಗತ್ಯವಿಲ್ಲದೆ, ನುಂಗಿಕೊಂಡ ಮಾತನ್ನೂ ಸೇರಿಸಿ ನನಗೆ ಪೂರ್ತಿ ಅರ್ಥವಾಯಿತು. ಅವನು ನನ್ನ ಅವ್ವನ ಕನ್ನಡದಲ್ಲಿ ಅತ್ತ. ನಾನು ಮೈಮೂನಕ್ಕನ ಕನ್ನಡದಲ್ಲಿ ಸಮಾಧಾನ ಹೇಳಿದೆ.