ಡಬ್ಬಿ ದೇಶಕ್ಕೆ ಹೋಗದ ಕಾಯಿ

ನೀನು ಸಮುದ್ರಕ್ಕೆ ಬಿಟ್ಟ ಆ ತೆಂಗಿನಕಾಯಿ ಎಲ್ಲಿಗೂ ಹೋಗಲಿಲ್ಲ, ಪಲ್ಲವಿ. ಮರುದಿನ ಬೆಳಿಗ್ಗೆ ಅದು ನಮ್ಮ ಮಾಜಾಳಿಯ ದಂಡೆಗೇ ತಿರುಗಿ ಬಂದು ಬಿದ್ದಿತ್ತು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು, ಒಡೆದು, ತುರಿದು, ಹೆಸರುಕಾಳಿನ ಸಾರಿಗೆ ಅರೆದು ಹಾಕಿದೆ. ಶ್ರಾವಣವಾದ್ದರಿಂದ ಮೀನಿರಲಿಲ್ಲ. ಸಾರು ಚಲೋ ಆಗಿದೆಯೆಂದು ನೀನು ಇನ್ನೊಮ್ಮೆ ಬಡಿಸಿಕೊಂಡು ಉಂಡೆ.

ಇಷ್ಟೇ ಆಗಿದ್ದರೆ ಇದನ್ನೊಂದು ತಮಾಷೆಯೆಂದು ಎಂದೋ ಹೇಳಿಬಿಡುತ್ತಿದ್ದೆ. ಇಷ್ಟೇ ಅಲ್ಲ — ಆದರೆ ಉಳಿದದ್ದನ್ನು ಈ ಪತ್ರದಲ್ಲಿ ಹೇಳಬೇಕಾದರೆ ಆ ಡಬ್ಬಿ ದೇಶ ಹುಟ್ಟಿದ್ದು ಹೇಗೆ ಎಂಬಲ್ಲಿಂದಲೇ ಬರಬೇಕು.

ನಿನ್ನ ಅಪ್ಪ, ಅಂದರೆ ನನ್ನ ತಮ್ಮ, ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ನಿನಗೆ ಏಳು ನಡೆಯುತ್ತಿತ್ತು. ಒಂದು ದಿನ ಯಾವುದೋ ದೂರದ ಬಂದರಿನಿಂದ ಅವನ ಫೋನು ಬಂತು. ಹಡಗಿನ ಕೆಲಸ ಬಿಟ್ಟಿದ್ದಾನೆ. ಅಲ್ಲೇ ಒಬ್ಬಳ ಜೊತೆ ಮನೆ ಮಾಡಿದ್ದಾನೆ. "ಅಕ್ಕಾ, ನಾ ಇನ್ನು ಬರೂದಿಲ್ಲ. ಹುಡ್ಗಿಗೆ ಏನಾರೂ ಹೇಳು" ಎಂದ. ನಿನ್ನ ಅಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ. ಮರುದಿನ ಎಂದಿನಂತೆ ಗೋವೆಯ ಹೋಟೆಲು ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ಹುಡ್ಗಿಗೆ ನೀವೇ ಹೇಳಿ ಅತ್ತಿಗೆ. ನನ್ ಹತ್ರ ಆಗೂದಿಲ್ಲ" ಎಂದು ಬಸ್ಸು ಹಿಡಿಯಲು ಓಡಿದಳು.

ನೀನು ಹಲ್ಲುಜ್ಜಿ ಬಂದು ನನ್ನ ಹೊಲಿಗೆ ಯಂತ್ರದ ಬಳಿ ಕೂತೆ. ಅಪ್ಪ ಯಾವಾಗ ಬರ್ತಾನೆ ಎಂದು ಕೇಳಿದೆ. ನನ್ನ ಕಣ್ಣೆದುರಿಗಿದ್ದದ್ದು ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿ — ಹಿಂದೊಮ್ಮೆ ಅವನೇ ತಂದ ಬಿಸ್ಕತ್ತಿನ ಡಬ್ಬಿ. ಅದರ ಮುಚ್ಚಳದ ಮೇಲೆ ಬಿಳಿಯ ನೆಲ, ಗಂಟೆಯ ಗೋಪುರ, ಕಪ್ಪು ನಿಲುವಂಗಿಯ ನಾಲ್ಕೈದು ಮುದುಕರು, ಅವರ ಹಿಂದೆ ನಿಂತ ಹಡಗುಗಳು. ಅದರ ಮೇಲಿನ ಅಕ್ಷರ ನಮ್ಮಿಬ್ಬರಿಗೂ ಬಾರದು. ನಾನು ಬೆರಳಿಟ್ಟು ತೋರಿಸಿದೆ. "ಇಗಾ, ಇಲ್ಲಿದ್ದಾನೆ. ಸಮುದ್ರ ಹೆಪ್ಪುಗಟ್ಟಿದೆ. ಹಡಗು ಸಿಕ್ಕಿಬಿದ್ದಿದೆ."

ಅಲ್ಲಿಗೆ ಬಿಟ್ಟಿದ್ದರೆ... ಆದರೆ ನೀನು ಬಿಡುವವಳಲ್ಲ. ಆ ಮುದುಕರು ಯಾರು? ರಾಜ ಯಾಕಿಲ್ಲ? ಹೆಂಗಸರು ಎಲ್ಲಿ? ನಾನು ರವಿಕೆಗೆ ಕಾಜಾ ಹೊಲಿಯುತ್ತ ಉತ್ತರ ಕೊಡುತ್ತ ಹೋದೆ. ಅಲ್ಲಿ ರಾಜನಿಲ್ಲ, ಗಂಟೆಯ ಮುದುಕರದೇ ಆಡಳಿತ. ಅವರ ಶಾಸ್ತ್ರವೇ ಕಾನೂನು. ಹಡಗಿಗೂ ಮಡಿಯುಂಟು, ಹೊಸ ಹಡಗು ನೀರಿಗಿಳಿಯುವ ಮೊದಲು ಅದರ ಮುಖ ತೊಳೆದು ಕ್ಷಮೆ ಕೇಳಬೇಕು. ಮೊದಲು ಸಿಕ್ಕ ಮೀನನ್ನು ಸಮುದ್ರಕ್ಕೇ ತಿರುಗಿ ಕೊಡಬೇಕು. ಹೊರಗಿನ ಹಡಗು ಚಳಿಗಾಲದಲ್ಲಿ ಬಂದು ಸಿಕ್ಕಿತೆಂದರೆ ಅದರಲ್ಲಿದ್ದವರು ಆ ದೇಶದ ಅತಿಥಿಗಳು. ಸಮುದ್ರ ತೆರೆಯುವ ತನಕ ಅವರು ಹೋಗುವಂತಿಲ್ಲ, ಊರಿಗೆ ಸುದ್ದಿ ಕಳಿಸುವಂತಿಲ್ಲ. ಇದನ್ನೆಲ್ಲ ನಾನು ಕಷ್ಟಪಟ್ಟು ಕಟ್ಟಲಿಲ್ಲ. ತಾನಾಗಿ ಬರುತ್ತಿತ್ತು. ನಿಜ ಹೇಳಲೇ? ನನಗೆ ಖುಷಿಯಾಗುತ್ತಿತ್ತು. ಮದುವೆಯಿಲ್ಲದೆ, ಕಾರವಾರದ ಪೇಟೆ ಬಿಟ್ಟರೆ ಬೇರೆ ಊರು ಕಾಣದೆ, ಊರ ಹೆಂಗಸರ ಅಳತೆ ತೆಗೆಯುತ್ತ ನಲವತ್ತು ದಾಟಿದವಳು ನಾನು. ನನಗೂ ಒಂದು ದೇಶ ಸಿಕ್ಕಿತ್ತು. ನಾಳೆ ಇವಳು ಏನು ಕೇಳಬಹುದು ಎಂದು ಯೋಚಿಸುತ್ತ ಮಲಗುತ್ತಿದ್ದೆ. ನೀನು ಅದಕ್ಕೆ ಡಬ್ಬಿ ದೇಶವೆಂದು ಹೆಸರಿಟ್ಟೆ.

ಮಳೆಗಾಲ ಬಂತು. ನಮ್ಮ ದೋಣಿಗಳೂ ಮರಳಿನ ಮೇಲೆ ಬಂದು ಮಲಗಿದವು. ಅವುಗಳನ್ನು ನೋಡುತ್ತ ನೀನು, "ಅಲ್ಲಿ ಸಮುದ್ರ ಯಾರು ತೆರೀತಾರೆ ಅತ್ತೆ?" ಎಂದೆ. ನಾನು ಯೋಚಿಸದೆ, "ನಮ್ಮಂಗೇ. ಹುಣ್ಣಿಮೆ ದಿನ ಮುದುಕರು ಕಾಯಿ ಬಿಡ್ತಾರೆ, ಆಮೇಲೆ ಹಡಗು ಹೊರಡ್ತದೆ" ಎಂದೆ. ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸದೆ ದೋಣಿ ಇಳಿಸುವುದುಂಟೇ? ಈ ದಂಡೆಯಲ್ಲಿ ಹುಟ್ಟಿದ ನನಗೆ ಬೇರೆ ಬಗೆಯ ಸಮುದ್ರ ಹೊಳೆಯಲೇ ಇಲ್ಲ.

ನೀನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. "ಇಲ್ಲಿ ತೆಂಗಿನ ಮರ ಇಲ್ವಲ್ಲ."

"ಇಲ್ಲ. ಬೇರೆ ಊರಿಂದ ಬರ್ಬೇಕು."

"ಸಮುದ್ರ ಬಂದ್ ಇದ್ರೆ ಕಾಯಿ ಹ್ಯಾಂಗೆ ಬರ್ತದೆ? ಕಾಯಿ ಬರ್ದೇ ಸಮುದ್ರ ಹ್ಯಾಂಗೆ ತೆರೀತದೆ?"

ನಾನು ಚಾಪೆಯ ಕೆಳಗೆ ತೂರಿದರೆ ನೀನು ರಂಗೋಲಿಯ ಕೆಳಗೆ ತೂರುವವಳು. ಆ ಹೊತ್ತಿಗೆ ನಕ್ಕುಬಿಡಬೇಕಿತ್ತು. ನಕ್ಕು, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದೆಲ್ಲ ಸುಳ್ಳು ಮಗಾ ಎಂದು ಹೇಳಬೇಕಿತ್ತು. ನನಗೆ ಸಿಟ್ಟು ಬಂತು. ಏಳು ವರ್ಷದ ಹುಡುಗಿಯ ಕೈಯಲ್ಲಿ ಸಿಕ್ಕಿಬಿದ್ದೆನಲ್ಲ ಎಂಬ ಸಿಟ್ಟು. "ಆ ದೇಶದ ಶಾಸ್ತ್ರ ಗೊತ್ತುಂಟಾ? ಒಂದೇ ಮಾತು ಎರಡ್ ಸಲ ಕೇಳಬಾರ್ದು. ಕೇಳಿದ್ರೆ ಇನ್ನೊಂದು ಚಳಿಗಾಲ ಹೆಚ್ಚಾಗ್ತದೆ" ಎಂದೆ.

ನಿನ್ನ ಮುಖ ಬಿಳುಚಿಕೊಂಡದ್ದನ್ನು ನೋಡಿದೆ. ನೀನು ಲೆಕ್ಕ ಹಾಕುತ್ತಿದ್ದೆ — ಅಪ್ಪ ಯಾವಾಗ ಬರುತ್ತಾನೆಂದು ಈವರೆಗೆ ತಾನು ಎಷ್ಟು ಸಲ ಕೇಳಿದ್ದೇನೆ ಎಂದು. ಅದು ನನಗೆ ತಿಳಿಯಿತು. ತಿಳಿದೂ ನಾನು ಯಂತ್ರ ತುಳಿಯುತ್ತ ಕೂತೆ.

ಅಂದಿನಿಂದ ನೀನು ಕೇಳುವುದನ್ನೇ ಬಿಟ್ಟೆ, ಮನೆ ತಣ್ಣಗಾಯಿತು. ಹುಡುಗಿಗೆ ಬುದ್ಧಿ ಬಂತು ಎಂದಳು ನಿನ್ನ ಅಮ್ಮ. ಹುಣ್ಣಿಮೆಯ ಸಂಜೆ ಊರವರೆಲ್ಲ ದಂಡೆಯಲ್ಲಿ ಕಾಯಿ ಬಿಡುವಾಗ ನೀನೂ ಒಂದು ಕಾಯಿ ಹಿಡಿದು ನಿಂತಿದ್ದೆ. ಮನೆಯವರ ಹೆಸರಿನಲ್ಲಿ ಬಿಡುತ್ತಿದ್ದಾಳೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ದಂಡೆಯಲ್ಲಿ ಬಿದ್ದಿದ್ದ ಕಾಯಿಗಳಲ್ಲಿ ಒಂದರ ಜುಟ್ಟಿಗೆ ನನ್ನದೇ ಕೆಂಪು ನೂಲು ಸುತ್ತಿತ್ತು. ನೂಲಿಗೆ ಒಂದು ಹಿತ್ತಾಳೆ ಗುಂಡಿ ಕಟ್ಟಿತ್ತು, ಲಂಗರಿನ ಚಿತ್ರದ್ದು — ನಿನ್ನ ಅಪ್ಪನ ಹಳೆಯ ಕೋಟಿನಿಂದ ಕಳಚಿ ನಾನು ಡಬ್ಬಿಯಲ್ಲಿ ಹಾಕಿಟ್ಟಿದ್ದ ಒಂಟಿ ಗುಂಡಿ. ಆಗ ಅರ್ಥವಾಯಿತು. ಡಬ್ಬಿ ದೇಶಕ್ಕೆ ಕಾಯಿ ಇಲ್ಲವಲ್ಲ, ಅದಕ್ಕೆ ನೀನೇ ಕಳಿಸಿದ್ದೆ. ಯಾರ ಬಿಡುಗಡೆಗಾಗಿ ಎಂದು ಗುರುತು ಸಿಗಲೆಂದು ಗುಂಡಿ ಕಟ್ಟಿದ್ದೆ. ಯಾರನ್ನೂ ಏನೂ ಕೇಳದೆ ಮಾಡಿದ್ದೆ.

ತಿರುಗಿ ಬಂದ ಕಾಯಿ ನಿನ್ನ ಕಣ್ಣಿಗೆ ಬೀಳಬಾರದೆಂದು ಸಾರಿಗೆ ಹಾಕಿದೆ. ಗುಂಡಿಯನ್ನು ಮೇಲಿನ ಗೂಡಿನಲ್ಲಿ ಬಚ್ಚಿಟ್ಟೆ.

ಅಂದು ಭಾನುವಾರ. ಅಮ್ಮ ಕೆಲಸಕ್ಕೆ ಹೋಗಿದ್ದಳು. ನೀನು ಉಣ್ಣುತ್ತಿರುವಾಗ ಫೋನು ರಿಂಗಾಯಿತು.

"ಅಕ್ಕಾ, ನಾನು. ಪಲ್ಲವಿ ಇದ್ದಾಳಾ? ಒಂದ್ಸಲ ಕೊಡು. ಒಂದೇ ಮಾತು."

ನೀನು ಕೈಯಲ್ಲಿ ಕಲಸಿದ ಅನ್ನ ಹಿಡಿದು ನನ್ನನ್ನೇ ನೋಡುತ್ತಿದ್ದೆ. ಈಗ ಕೊಟ್ಟರೆ — ಹಿಮವಿಲ್ಲ, ಗಂಟೆಯಿಲ್ಲ, ಮುದುಕರಿಲ್ಲ ಎಂದು ಇವಳಿಗೆ ಗೊತ್ತಾಗುತ್ತದೆ. ಸುದ್ದಿ ಕಳಿಸಬಾರದ ದೇಶದಿಂದ ಫೋನು ಹೇಗೆ ಬಂತು ಎಂದು ಕೇಳುತ್ತಾಳೆ. ಅತ್ತೆ ಸುಳ್ಳಿ ಎನ್ನುತ್ತಾಳೆ. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ, ಪಲ್ಲವಿ. ನಿನಗೆ ನೋವಾಗುತ್ತದೆ ಎಂದಲ್ಲ, ತಮ್ಮನ ಮೇಲಿನ ಕೋಪವೂ ಅಲ್ಲ. ನನ್ನ ದೇಶ ಮುಳುಗುತ್ತದೆ ಎಂದು ಹೆದರಿದೆ.

ನಿನಗೆ ಕೇಳುವಂತೆ ಗಟ್ಟಿಯಾಗಿ, "ರಾಂಗ್ ನಂಬರ್" ಎಂದು ಫೋನು ಇಟ್ಟೆ.

"ಯಾರು ಅತ್ತೆ?" ಎಂದೆ ನೀನು.

"ಯಾರೋ."

ನೀನು ಇನ್ನೊಮ್ಮೆ ಕೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಉಳಿದ ಅನ್ನ ಉಂಡು ತಟ್ಟೆ ತೊಳೆದಿಟ್ಟೆ.

ಅವನು ಮತ್ತೆ ಫೋನು ಮಾಡಲಿಲ್ಲ. ಮಾಡುತ್ತಾನೆಂದು ಕಾದೆ, ಈ ಸಲ ಕೊಡೋಣ ಎಂದು... ನಾನಾಗಿ ಹುಡುಕಲೂ ಇಲ್ಲ. ನಿನ್ನ ಅಮ್ಮ ತೀರಿಕೊಳ್ಳುವವರೆಗೂ ಅವಳಿಗೂ ಹೇಳಲಿಲ್ಲ. ಅವನು ಇದ್ದಾನೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ದೊಡ್ಡವಳಾಗುತ್ತ ಅಪ್ಪ ಬಿಟ್ಟುಹೋದನೆಂದು ಊರ ಬಾಯಿಂದ ನೀನೇ ತಿಳಿದುಕೊಂಡೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಎಂಥ ಗಂಭೀರ ಹುಡುಗಿ ಎಂದು ಎಲ್ಲರೂ ಹೊಗಳಿದರು. ಅಂಕೋಲೆಗೆ ಮದುವೆಯಾಗಿ ಹೋಗುವಾಗಲೂ ಏನೂ ಕೇಳದೆ ಹೋದೆ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ಬಂದಿದ್ದೆಯಲ್ಲ. ಅವಳು ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಗುಂಡಿ ಆಡುತ್ತಿದ್ದಳು. ಆ ಹಿತ್ತಾಳೆ ಗುಂಡಿಯನ್ನು ನಾನು ಯಾವಾಗ ಡಬ್ಬಿಗೆ ತಿರುಗಿ ಹಾಕಿದೆನೋ, ಎಷ್ಟು ಮೈಮರೆತಿದ್ದೆನೋ! ಅವಳು ಅದನ್ನೇ ಎತ್ತಿ, "ಇದು ಯಾರ್ದು ಅಜ್ಜಿ?" ಎಂದಳು. ನೀನು ನೋಡಿದೆ. ನಿನಗೆ ಗುರುತು ಸಿಕ್ಕಿತು. ಸಮುದ್ರಕ್ಕೆ ಕಳಿಸಿದ್ದು ಡಬ್ಬಿಯಲ್ಲಿ ಹೇಗೆ ಬಂತೆಂದು ನಿನ್ನ ಕಣ್ಣು ನನ್ನ ಮುಖದಲ್ಲಿ ಉತ್ತರ ಹುಡುಕಿತು. ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ. ಮಗು ಮತ್ತೆ, "ಯಾರ್ದು ಅಂದ್ನಲ್ಲ?" ಎಂದಿತು.

"ಎರಡ್ ಸಲ ಕೇಳಬಾರ್ದು ಪುಟ್ಟಿ" ಎಂದೆ ನೀನು. ಮೆಲ್ಲಗೆ, ಪ್ರೀತಿಯಿಂದಲೇ ಎಂದೆ. ಮಗು ಗುಂಡಿಯನ್ನು ಡಬ್ಬಿಯೊಳಗೆ ಹಾಕಿ ಸುಮ್ಮನಾಯಿತು.

ಡಬ್ಬಿ ದೇಶದಲ್ಲಿ ಉಳಿದದ್ದು ಅದೊಂದೇ ಕಾನೂನು. ಅದು ನನ್ನದು, ಸಿಟ್ಟಿನಲ್ಲಿ, ಒಂದು ರವಿಕೆ ಹೊಲಿಯುತ್ತ ಮಾಡಿದ್ದು.

ಈ ಭಾನುವಾರ ಅಂಕೋಲೆಯ ಬಸ್ಸು ಹತ್ತಿ ಬಾಳೆಗುಳಿಯಲ್ಲಿ ಇಳಿದು ನಿನ್ನ ಮನೆಗೆ ಬರುತ್ತೇನೆ. ಡಬ್ಬಿಯನ್ನೂ ತರುತ್ತೇನೆ. ಪುಟ್ಟಿಯ ಎದುರಿಗೇ ಕೇಳು, ಅವಳೂ ಕೇಳಲಿ, ಎಷ್ಟು ಸಲ ಬೇಕಾದರೂ ಕೇಳಲಿ. ನೀನು ಬಾಗಿಲು ತೆರೆಯದಿದ್ದರೂ ಅದು ನಿನ್ನ ನ್ಯಾಯ. ಗುಂಡಿಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಬರುತ್ತೇನೆ. ಆದರೆ ಅಂದು ಊಟದ ನಡುವೆ ನೀನು ಒಂದು ಮಾತು ಕೇಳಿದ್ದೆ, ಅದಕ್ಕೆ ಉತ್ತರವನ್ನು ಭಾನುವಾರದವರೆಗೂ ಇಟ್ಟುಕೊಳ್ಳಲಾರೆ.

ಫೋನಿನಲ್ಲಿದ್ದವನು ನಿನ್ನ ಅಪ್ಪ, ಪಲ್ಲವಿ. ನಿನ್ನನ್ನೇ ಕೇಳುತ್ತಿದ್ದ.