ಕೆರೆ ಹೂಳಿನಲ್ಲಿ ಹುಡುಕಿದ ಹಳದಿ ಹೂವು

ಅಮ್ಮನಿಗೆ ತನ್ನ ತಾಯಿಯ ಬಗ್ಗೆ ಇರುವುದು ಒಂದೇ ಒಂದು ನೆನಪು. ಕೆರೆಯಂಚಿನ ಹೊಲ, ತನ್ನ ತಲೆಗಿಂತ ಎತ್ತರಕ್ಕೆ ಹಳದಿ ಹೂವು, ಅದರಾಚೆ ಬಗ್ಗಿ ಏನೋ ಮಾಡುತ್ತಿರುವ ಒಂದು ಬೆನ್ನು. ಮುಖ ನೆನಪಿಲ್ಲ. ಅಮ್ಮನಿಗೆ ನಾಲ್ಕು ತುಂಬುವ ಮೊದಲೇ ಅಜ್ಜಿ ತೀರಿಹೋದರು, ಫೋಟೊ ಒಂದೂ ಇಲ್ಲ. ಆ ಹೂವು ಸೇವಂತಿಗೆಯೇ ಎಂದು ಅಮ್ಮ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ವಿಜಯನಗರದ ಮಾರ್ಕೆಟ್ಟಿನಿಂದ ಸೇವಂತಿಗೆ ತಂದಾಗಲೆಲ್ಲ "ನಮ್ಮವ್ವ ಬೆಳೀತಿದ್ಲು ಕಣೇ ಇದನ್ನ" ಎನ್ನುತ್ತ ಒಂದನ್ನು ಮೂಸುತ್ತಾಳೆ. ಮೂಸಿದ್ದು ದೇವರಿಗೆ ಆಗುವುದಿಲ್ಲವೆಂದು ಅದನ್ನು ತಾನೇ ಮುಡಿದುಕೊಳ್ಳುತ್ತಾಳೆ.

ಇದಕ್ಕೆ ಕಲ್ಲು ಹಾಕುತ್ತಿದ್ದವರು ಮಾವ, ಅಂದರೆ ಅಮ್ಮನ ಅಣ್ಣ. ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಕೆಂಗೇರಿ ಹತ್ತಿರದ ಅದೇ ಊರಿನಲ್ಲಿ, ಹೊಲವಿದ್ದ ಕಡೆಯೇ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು ಇದ್ದಾರೆ. "ಸೇವಂತಿಗೆ ಯಾವಾಗ ಬೆಳೆದ್ವಿ ನಾವು? ಬೆಳೀತಿದ್ದಿದ್ದು ರಾಗಿ. ನೀನೆಲ್ಲೋ ಕನಸು ಕಂಡಿದೀಯ" ಎಂದು ಹೇಳಿ ಟಿವಿ ಕಡೆ ತಿರುಗುತ್ತಿದ್ದರು. ತಮ್ಮ ತಾಯಿಯ ಬಗ್ಗೆ ಬೇರೆ ಏನನ್ನೂ ಅವರು ಬಾಯಿಬಿಟ್ಟವರಲ್ಲ. ನನಗೆ ಮಾವನ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು. ಇರುವುದೊಂದು ನೆನಪು, ಅದನ್ನೂ ಕನಸು ಅಂದುಬಿಟ್ಟರೆ ಅವಳಿಗೆ ಉಳಿಯುವುದೇನು?

ನನ್ನ ಕೆಲಸ ಪರಾಗ ನೋಡುವುದು. ನೆಂಟರ ಬಾಯಲ್ಲಿ ಇದು "ಹೂವಿನ ಧೂಳು ಎಣಿಸ್ತಾಳಂತೆ, ಅದಕ್ಕೆ ಸಂಬಳ ಬೇರೆ" ಎಂದಾಗಿದೆ. ತಪ್ಪೇನಿಲ್ಲ, ಎಣಿಸುವುದೇ. ಬರಿಗಣ್ಣಿಗೆ ಧೂಳು, ಸೂಕ್ಷ್ಮದರ್ಶಕದ ಕೆಳಗೆ ಗಿಡಕ್ಕೊಂದು ರೂಪ. ದಾಸವಾಳದ್ದು ಮೈಯೆಲ್ಲ ಮುಳ್ಳಿರುವ ದಪ್ಪ ಚೆಂಡು, ಹುಲ್ಲಿನದು ಒಂದೇ ತೂತಿನ ನುಣುಪು ಗುಂಡು. ಜೇನಿನ ಬಾಟಲಿಯ ಮೇಲೆ ಬೇವಿನ ಜೇನು ಎಂದು ಬರೆದಿರುತ್ತದೆ, ಒಳಗೆ ನೋಡಿದರೆ ಬರೀ ನೀಲಗಿರಿ. ಜೇನುನೊಣ ಯಾವ ಹೂವಿಗೆ ಹೋಗಿತ್ತು ಎಂಬುದನ್ನು ಅಂಗಡಿಯವನು ಮುಚ್ಚಿಡಬಹುದು, ಪರಾಗ ಮುಚ್ಚಿಡುವುದಿಲ್ಲ. ಅದರ ಹೊರಕವಚ ಬಲು ಗಟ್ಟಿ, ಆಸಿಡ್ಡಿನಲ್ಲಿ ಕಾಯಿಸಿದರೂ ಕರಗದು. ಕೆರೆಯ ತಳದಲ್ಲಿ ಕೆಸರು ಮುಚ್ಚಿಕೊಂಡರಂತೂ ಎಷ್ಟೋ ಕಾಲ ಹಾಗೇ ಕೂತಿರುತ್ತದೆ.

ಹೀಗಿರುವಾಗ ಅಮ್ಮನ ಊರಿನ ಕೆರೆಯಲ್ಲಿ ಹೂಳೆತ್ತುವುದಕ್ಕೆ ಜೆಸಿಬಿ ಇಳಿಯಿತು. ಸುದ್ದಿ ಕೇಳಿ ನಾನು ಸುಮ್ಮನಿರುತ್ತೇನೆಯೇ? ರಜೆ ಹಾಕಿ ಮೆಟ್ರೊ ಹತ್ತಿದೆ. ಅಗೆದ ಗುಂಡಿಯ ಗೋಡೆಯಲ್ಲಿ ಮೇಲಿನ ಪದರದ ತುಂಬ ಹಾಲಿನ ಕವರು, ಪ್ಲಾಸ್ಟಿಕ್ ಚೂರು. ಅದರ ಕೆಳಗೆ ಪ್ಲಾಸ್ಟಿಕ್ ಇಲ್ಲದ ಕಪ್ಪು ಜಿಗುಟು ಮಣ್ಣು. ಅದು ಇಂಥದೇ ವರ್ಷದ್ದು ಎಂದು ಹೇಳಲಾರೆ, ಹಾಲು ಕವರಿನಲ್ಲಿ ಬರುವುದಕ್ಕೆ ಮುಂಚಿನದು ಎನ್ನಬಹುದು ಅಷ್ಟೆ. ಅಲ್ಲಿಂದ ಒಂದು ಡಬ್ಬಿ ತುಂಬಿಕೊಂಡೆ. ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ಸೇವಂತಿಗೆ ಇದ್ರೆ ಗೊತ್ತಾಗತ್ತಾ?"

ಮಣ್ಣನ್ನು ಲ್ಯಾಬಿಗೆ ಒಯ್ದು, ಆಸಿಡ್ಡಿನಲ್ಲಿ ಕಾಯಿಸಿ, ತೊಳೆದು, ಪರಾಗವಷ್ಟೇ ಉಳಿಯುವಂತೆ ಸೋಸಿಟ್ಟೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಲ್ಯಾಬಿನ ಪೂಜೆ ಮುಗಿಸಿ, ಪುರಿ ಕಡಲೆ ತಿಂದು, ಮಾರನೆಯ ದಿನ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು ನೋಡಿದರೆ ಎಲ್ಲೆಲ್ಲೂ ಮುಳ್ಳು ಮುಳ್ಳಿನ ಗುಂಡುಗಳು! ತಾಜಾ ಸೇವಂತಿಗೆಯದರ ಪಕ್ಕದಲ್ಲಿಟ್ಟು ಹೋಲಿಸಿದೆ. ಒಂಚೂರೂ ವ್ಯತ್ಯಾಸವಿಲ್ಲ. ಸಂತೋಷಕ್ಕೆ ಅಲ್ಲಿಂದಲೇ ಫೋನ್ ಮಾಡಿದೆ. ಆ ಕಡೆ ಅಮ್ಮ ಮೂಗೆಳೆಯುವುದು ಕೇಳಿಸಿತು. ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿತ್ತು. ಭಾನುವಾರ ಮಾವನ ಮನೆಗೆ ಹೋಗುವುದೆಂದೂ ತೀರ್ಮಾನವಾಗಿತ್ತು.

ಎಣಿಸಲು ಕೂತಾಗ ತಪ್ಪು ಗೊತ್ತಾಯಿತು. ಆಸಿಡ್ಡು ಕಂಡ ಪರಾಗ ಕಂದುಬಣ್ಣಕ್ಕೆ ತಿರುಗಿ ಒಳಗೆ ಬರೀ ಟೊಳ್ಳಾಗಿರುತ್ತದೆ. ಇವು ತುಂಬಿಕೊಂಡು, ಹೊಳೆಯುತ್ತ, ನಿನ್ನೆ ಗಿಡದಿಂದ ಇಳಿದ ಹಾಗಿದ್ದವು. ಇಳಿದದ್ದೂ ನಿನ್ನೆಯೇ. ಹೊರಗಿನ ಪರಾಗ ಬರಬಾರದೆಂದು ವರ್ಷವಿಡೀ ಕಿಟಕಿ ಮುಚ್ಚಿಕೊಂಡು ಬೇಯುವವರು ನಾವು. ಅಂಥವರು ಪೂಜೆಯ ದಿನ ಸೂಕ್ಷ್ಮದರ್ಶಕಕ್ಕೆ ವಿಭೂತಿ ಬಳಿದು, ಕೊರಳಿಗೆ ಮಾರುದ್ದ ಸೇವಂತಿಗೆ ಹಾಕಿದ್ದೆವು. ಗಾಜಿನ ಪಟ್ಟಿಗಳಿಗೂ ಪೂಜೆ ಸಲ್ಲಲಿ ಎಂದು ಅವುಗಳ ಡಬ್ಬಿಯ ಮುಚ್ಚಳ ತೆಗೆದು ಒಳಗೂ ಎಸಳು ಉದುರಿಸಿದ್ದೆವು. ನಾನು ಕಂಡುಹಿಡಿದದ್ದು ನಮ್ಮದೇ ಪೂಜೆಯನ್ನು!

ನಗು ಬಂದದ್ದು ಒಂದು ಕ್ಷಣ, ಆಮೇಲೆ ಅಮ್ಮನ ಮುಖ ಕಣ್ಣ ಮುಂದೆ ಬಂತು. ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕುಕ್ಕರಿನ ಕಡೆ ತಿರುಗಿಕೊಂಡು "ಬಿಡು, ಅಣ್ಣ ಹೇಳ್ದಂಗೆ ಕನಸೇ ಇರ್ಬೇಕು" ಎಂದಳು. ಆ ಮಾತು ಕೇಳಲಾಗಲಿಲ್ಲ.

ಮೇಜು, ಮಸೂರ, ಡಬ್ಬಿ ಎಲ್ಲವನ್ನೂ ಉಜ್ಜಿ ತೊಳೆದು, ಹೊಸ ಗಾಜು ತರಿಸಿ ಮತ್ತೆ ನೋಡಿದೆ. ಹೊಳೆಯುವ ಗುಂಡುಗಳು ಮಾಯವಾದವು. ಬಹಳಷ್ಟು ಹುಲ್ಲಿನ ಜಾತಿಯದು, ರಾಗಿಯೂ ಅದರಲ್ಲೇ ಬರುತ್ತದೆ. ಆದರೆ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಕಂದುಬಣ್ಣದ, ಟೊಳ್ಳಾದ, ಮುಳ್ಳಿರುವ ಗುಂಡುಗಳು ಇನ್ನೂ ಇದ್ದವು! ಇವು ನಿಜವಾಗಿ ಮಣ್ಣಿನವು. ತೊಂದರೆಯೆಂದರೆ ಸೂರ್ಯಕಾಂತಿಯ ಕುಟುಂಬದ್ದೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಸೇವಂತಿಗೆ, ಚೆಂಡುಹೂವು, ಬೇಲಿಯ ಕಳೆ, ಯಾವುದೂ ಆಗಬಹುದು. ಆ ಕುಟುಂಬದಲ್ಲಿ ಹೊಲಕ್ಕೆ ಯಾರು ಯಾರು ಬರುತ್ತಾರೆ ಎಂದು ತಲೆ ಕೆಡಿಸಿಕೊಂಡು ಕೂತಾಗ ಅಮ್ಮನ ಮಾತೇ ಹೊಳೆಯಿತು. ತಲೆಗಿಂತ ಎತ್ತರಕ್ಕೆ ಹೂವು. ಮಗುವಿನ ತಲೆಯೇ ಆದರೂ ಸೇವಂತಿಗೆ ಎಲ್ಲಿ ಅಷ್ಟೆತ್ತರ ಬೆಳೆಯುತ್ತದೆ? ಗಿಡಗಳ ವಿಷಯ ಓದಿದ ನಾನು ಇಷ್ಟು ವರ್ಷ ಅದನ್ನು ಸುಮ್ಮನೆ ಕೇಳಿಸಿಕೊಂಡಿದ್ದೆ.

ಭಾನುವಾರ ಅಮ್ಮ ಬರುವುದಿಲ್ಲವೆಂದು ಹಟ ಹಿಡಿದಳು. ಎಳೆದುಕೊಂಡೇ ಹೋದೆ. ಮಾವ ಟಿವಿ ಮುಂದೆ ಕೂತಿದ್ದರು.

"ಮಾವ, ನೀವು ಹುಚ್ಚೆಳ್ಳು ಹಾಕ್ತಿದ್ರಾ?" ಎಂದೆ.

"ಹಾಕ್ದೆ ಇರ್ತಾರಾ? ರಾಗಿ ಮಧ್ಯೆ ಅಕ್ಕಡಿ ಸಾಲು ಅದೇ ಅಲ್ವೇನಮ್ಮ? ಎಣ್ಣೆಗೆ, ಚಟ್ನಿಪುಡಿಗೆ ಎಲ್ಲಾ ಅದೇ ಆಗ್ತಿತ್ತು."

"ಅದೂ ಸೂರ್ಯಕಾಂತಿ ಕುಟುಂಬದ್ದೇ. ಅದರ ಹೂವು ಹಳದಿ, ಅಲ್ವಾ?"

ಮಾವ ರಿಮೋಟ್ ಒತ್ತಿ ಟಿವಿಯ ಸದ್ದು ನಿಲ್ಲಿಸಿದರು. ಅಮ್ಮನನ್ನು ನೋಡಿದರು. ಸೇವಂತಿಗೆ ಬೆಳೆದಿದ್ದೆವಾ ಎಂದು ಇವಳು ಕೇಳುತ್ತಲೇ ಇದ್ದಳು, ಇಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಹೂವಿನ ಹೆಸರೊಂದಕ್ಕೆ ಅಣ್ಣ ತಂಗಿ ಜೀವಮಾನವೆಲ್ಲ ಜಗಳವಾಡಿದ್ದರು.

"ಹುಚ್ಚೆಳ್ಳು ಸಾಲಲ್ಲೇ ನಿನ್ನ ಕೂರಿಸ್ತಿದ್ಲು ಅವ್ವ," ಎಂದರು ಮಾವ ನಿಧಾನವಾಗಿ. "ಬಿಸ್ಲು ತಾಕ್ದೆ ಇರ್ಲಿ ಅಂತ. ಜೇನು ಕಚ್ಚದಂಗೆ ನೋಡ್ಕೊ ಅಂತ ನನ್ನ ಕಾವಲಿಗೆ ಬಿಟ್ಟು, ತಾನು ಆ ಕಡೆ ಹುಲ್ಲು ಕುಯ್ಯೋಳು. ನೀನು ಒಂದು ಕಡೆ ಕೂರ್ತಿರ್ಲಿಲ್ಲ."

ಅಮ್ಮ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ಅಣ್ಣ, ಅವ್ವ ನನ್ನಷ್ಟು ಎತ್ತರ ಇದ್ಲಾ?"

"ಎದ್ದು ನಿಂತ್ಕೊ."

ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಮಾವ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಸ್ವಲ್ಪ ಹೊತ್ತು ನೋಡಿ, ಅವಳ ಕಿವಿಯ ಮಟ್ಟಕ್ಕೆ ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆ ಹಿಡಿದರು.

"ಇಲ್ಲಿಗೆ ಬರ್ತಿದ್ಲು."

ಅಮ್ಮ ಕತ್ತು ಬಗ್ಗಿಸಿ, ಆ ಕೈಯ ಕೆಳಗಿನ ಜಾಗವನ್ನು ನೋಡುತ್ತ ನಿಂತಳು.